ಕೈಗುಣಕ್ಕೆ ಎಷ್ಟು ಅಂಕ?

ಮೊಣಕಾಲು ನೋವಿನ ಒಬ್ಬ ಮಹಿಳೆಯನ್ನು ಕಲ್ಪಿಸಿಕೊಳ್ಳಿ. ವಯಸ್ಸು ಅರವತ್ತರ ಆಸುಪಾಸು. ಸಾಂಪ್ರದಾಯಿಕ ಚಿಕಿತ್ಸೆಯ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ದಿನ ಎಣ್ಣೆ ಹಚ್ಚಿಸಿಕೊಂಡು, ಶಾಖ ತೆಗೆದುಕೊಂಡು, ಕಷಾಯ ಕುಡಿದು ಈಗ ಮನೆಗೆ ಹೊರಟಿದ್ದಾರೆ. ಬಿಲ್ಲಿನ ಜೊತೆ ಒಂದು ಹಾಳೆ ಕೈಗೆ ಬರುತ್ತದೆ: ‘ನಮ್ಮ ಸೇವೆ ನಿಮಗೆ ಎಷ್ಟು ತೃಪ್ತಿ ತಂದಿದೆ?’ ಕೆಳಗೆ ಒಂದರಿಂದ ಐದರವರೆಗೆ ಸೊನ್ನೆಯಾಕಾರದ ಗುರುತುಗಳು. ಎರಡು ವಾರ ದಿನವೂ ಎಣ್ಣೆ ಹಚ್ಚಿದ ಹುಡುಗಿ ಚೀಲ ಎತ್ತಿಕೊಡಲು ಪಕ್ಕದಲ್ಲೇ ನಿಂತಿದ್ದಾಳೆ. ಮಹಿಳೆ ಐದಕ್ಕೆ ಗುರುತು ಹಾಕುತ್ತಾರೆ, ಪೆನ್ನು ಹಿಂದಿರುಗಿಸುತ್ತಾರೆ, ಬಾಗಿಲಾಚೆಯ ಮೆಟ್ಟಿಲುಗಳನ್ನು ಕಂಬಿ ಹಿಡಿದು ಒಂದೊಂದಾಗಿ ಇಳಿಯುತ್ತಾರೆ.

ಕಂಬಿ ಹಿಡಿದೇ ಇಳಿಯಬೇಕಾಯಿತು ಎಂಬುದಕ್ಕೆ ಆ ಹಾಳೆಯಲ್ಲಿ ಜಾಗವಿಲ್ಲ. ಇಂಥ ನೂರಾರು ಹಾಳೆಗಳು ಒಟ್ಟುಗೂಡಿ ಸಂಶೋಧನಾ ಲೇಖನವಾಗುತ್ತವೆ, ‘ಸಾಂಪ್ರದಾಯಿಕ ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರು ತೃಪ್ತರು’ ಎಂಬ ಸುದ್ದಿಯಾಗುತ್ತವೆ. ಅದನ್ನು ಓದಿದ ಒಬ್ಬರು ‘ನೋಡಿ, ಔಷಧ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಇನ್ನೇನು ಬೇಕು’ ಎನ್ನುತ್ತಾರೆ. ಇನ್ನೊಬ್ಬರು ‘ಎಲ್ಲ ಮನಸ್ಸಿನ ಭ್ರಮೆ’ ಎಂದು ಪುಟ ತಿರುವುತ್ತಾರೆ. ನನಗೆ ಇಬ್ಬರೂ ಆ ಹಾಳೆಯನ್ನು ಸರಿಯಾಗಿ ಓದಿಲ್ಲ ಎನ್ನಿಸುತ್ತದೆ.

ಇದನ್ನು ಬಿಡಿಸಿ ನೋಡಲು ಕನ್ನಡದಲ್ಲಿ ಒಂದು ಅನುಕೂಲವಿದೆ. ‘ಗುಣವಾಯಿತು’ ಎಂದರೆ ಕಾಯಿಲೆ ವಾಸಿಯಾಯಿತು ಎಂದರ್ಥ. ‘ಕೈಗುಣ’ ಎಂದರೆ ಬೇರೆ: ಮುಟ್ಟುವ ರೀತಿ, ಕೇಳಿಸಿಕೊಳ್ಳುವ ವ್ಯವಧಾನ, ಧೈರ್ಯ ಹೇಳುವ ದನಿ ಎಲ್ಲ ಸೇರಿ ವೈದ್ಯರಲ್ಲಿ ಜನ ಕಾಣುವ ಒಂದು ಶಕ್ತಿ. ತೃಪ್ತಿಯ ಹಾಳೆ ಅಳೆಯುವುದು ಬಹುಮಟ್ಟಿಗೆ ಕೈಗುಣವನ್ನು. ಓದುವವರು ಅದನ್ನು ಗುಣ ಎಂದು ಓದಿಬಿಡುತ್ತಾರೆ. ತೊಡಕು ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನ ಬೇಕಾಗಿರಲಿಲ್ಲ. ಕೈಗುಣದಿಂದಲೂ ಒಂದಿಷ್ಟು ಗುಣವಾಗುತ್ತದೆ, ಮತ್ತು ಅದನ್ನು ಅಳೆದು ತೋರಿಸಿದವರೂ ಇದ್ದಾರೆ.

ಮೊದಲು ಹೆಸರುಗಳ ಗೊಂದಲ ಮುಗಿಸಿಕೊಳ್ಳೋಣ. ಆಯುರ್ವೇದ, ಯುನಾನಿ, ಸಿದ್ಧ, ಚೀನೀ ವೈದ್ಯದಂಥವು ಆಯಾ ಸಮಾಜದಲ್ಲಿ ಬಹುಕಾಲದಿಂದ ಬೆಳೆದುಬಂದ ಸಾಂಪ್ರದಾಯಿಕ ಪದ್ಧತಿಗಳು. ಆಧುನಿಕ ಚಿಕಿತ್ಸೆಯ ಜೊತೆಜೊತೆಗೆ ಇವನ್ನು ಬಳಸಿದರೆ ಪೂರಕ ಚಿಕಿತ್ಸೆ, ಅದನ್ನು ಬಿಟ್ಟು ಇದನ್ನೇ ನೆಚ್ಚಿಕೊಂಡರೆ ಪರ್ಯಾಯ ಚಿಕಿತ್ಸೆ. ಎರಡೂ ಕಡೆಯ ವೈದ್ಯರು ಒಂದೇ ಸೂರಿನಡಿ, ಒಂದೇ ಕಡತ ನೋಡುತ್ತ, ಪರಸ್ಪರ ಮಾತನಾಡಿಕೊಂಡು ಚಿಕಿತ್ಸೆ ಕೊಟ್ಟರೆ ಅದು ಸಮನ್ವಯ ಚಿಕಿತ್ಸೆ. ಫಲಕದಲ್ಲಿ ‘ಸಮನ್ವಯ’ ಎಂದು ಬರೆದು ಒಳಗೆ ಇಬ್ಬರು ವೈದ್ಯರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದರೆ ಅದು ಸಮನ್ವಯ ಆಗುವುದಿಲ್ಲ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಅಳತೆಗೋಲು ಬಂದದ್ದೆಲ್ಲಿಂದ

ವೈದ್ಯಕೀಯ ಸೇವೆಯ ಗುಣಮಟ್ಟವನ್ನು ಅಳೆಯುವ ಚರ್ಚೆ ಸಾಮಾನ್ಯವಾಗಿ ಅವೆಡಿಸ್ ಡೊನಬೇಡಿಯನ್ ಅವರಿಂದ ಶುರುವಾಗುತ್ತದೆ. 1966ರಲ್ಲಿ ಅವರು ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬಹುದು ಎಂದರು: ಕಟ್ಟಡ, ಸಲಕರಣೆ, ಸಿಬ್ಬಂದಿಯಂಥ ಏರ್ಪಾಡು, ಚಿಕಿತ್ಸೆ ನಡೆಯುವ ಕ್ರಮ, ಕೊನೆಗೆ ದೊರೆಯುವ ಫಲಿತಾಂಶ. ರೋಗಿಯ ತೃಪ್ತಿ ಇವುಗಳಲ್ಲಿ ಎಲ್ಲಿ ಸೇರಬೇಕು ಎನ್ನುವುದೇ ಒಂದು ವಾದ. ಅದೂ ಒಂದು ಫಲಿತಾಂಶ ಎನ್ನುವವರಿದ್ದಾರೆ, ನಡೆದ ಕ್ರಮದ ಬಗ್ಗೆ ರೋಗಿ ಕೊಡುವ ಸಾಕ್ಷ್ಯ ಎನ್ನುವವರೂ ಇದ್ದಾರೆ.

ತೃಪ್ತಿ ಹುಟ್ಟುವ ಬಗೆಯನ್ನು ವಿವರಿಸಿದ್ದು ಮಾರುಕಟ್ಟೆ ಶಾಸ್ತ್ರ. ರಿಚರ್ಡ್ ಆಲಿವರ್ 1980ರಲ್ಲಿ ಮುಂದಿಟ್ಟ ವಾದದ ಸಾರ ಇಷ್ಟು: ಮನುಷ್ಯ ತನಗೆ ಸಿಕ್ಕಿದ್ದನ್ನು ತಾನು ನಿರೀಕ್ಷಿಸಿದ್ದರ ಪಕ್ಕದಲ್ಲಿಟ್ಟು ನೋಡುತ್ತಾನೆ. ನಿರೀಕ್ಷೆಗಿಂತ ಹೆಚ್ಚು ಸಿಕ್ಕರೆ ಖುಷಿ, ಕಡಿಮೆಯಾದರೆ ಬೇಸರ. ಹೀಗಾಗಿ ಒಂದೇ ಚಿಕಿತ್ಸೆಗೆ, ಒಂದೇ ಪರಿಣಾಮಕ್ಕೆ ಇಬ್ಬರು ಬೇರೆ ಬೇರೆ ಅಂಕ ಕೊಡಬಹುದು. ಎಲ್ಲ ಕಡೆ ಸುತ್ತಿ, ಯಾವುದರಿಂದಲೂ ಆಗದೆ, ಕೊನೆಯ ಪ್ರಯತ್ನವೆಂದು ಸಾಂಪ್ರದಾಯಿಕ ವೈದ್ಯರ ಬಳಿ ಬಂದವರ ನಿರೀಕ್ಷೆ ತೀರಾ ಕೆಳಗಿರುತ್ತದೆ. ರಾತ್ರಿ ಒಂದು ಗಂಟೆ ಹೆಚ್ಚು ನಿದ್ದೆ ಬಂದರೂ ಅವರಿಗೆ ಅದು ದೊಡ್ಡ ಲಾಭ. ನೋವು ಬುಡಸಹಿತ ಹೋಗುತ್ತದೆ ಎಂಬ ಜಾಹೀರಾತು ನಂಬಿ ಬಂದವರಿಗೆ ಅದೇ ಒಂದು ಗಂಟೆ ಏನೇನೂ ಸಾಲದು.

ಅಳತೆಗೋಲುಗಳ ಪೈಕಿ ‘ಸರ್ವ್‌ಕ್ವಾಲ್’ ಎಂಬುದು ಬಹಳ ಕಡೆ ಕಾಣಿಸುತ್ತದೆ. ಕಣ್ಣಿಗೆ ಕಾಣುವ ಸೌಕರ್ಯ, ಹೇಳಿದಂತೆ ನಡೆದುಕೊಳ್ಳುವುದು, ಕರೆದಾಗ ಸ್ಪಂದಿಸುವುದು, ಭರವಸೆ, ಸಹಾನುಭೂತಿ ಎಂಬ ಐದು ಮುಖಗಳು, 22 ಅಂಶಗಳು. ಪರಶುರಾಮನ್, ಝೈತಾಮ್ಲ್, ಬೆರಿ ಎಂಬ ಮೂವರು 1980ರ ದಶಕದಲ್ಲಿ ಇದನ್ನು ರೂಪಿಸಿದ್ದು ಬ್ಯಾಂಕು, ಕ್ರೆಡಿಟ್ ಕಾರ್ಡು, ರಿಪೇರಿ ಸೇವೆಗಳಂಥವನ್ನು ಅಧ್ಯಯನ ಮಾಡಿ. ಬ್ಯಾಂಕಿನ ಕೌಂಟರಿಗೆ ಹೊಲಿದ ಅಂಗಿ ಈಗ ನಾಡಿ ನೋಡುವವರ ಮೈಮೇಲಿದೆ. ಅಲ್ಲಲ್ಲಿ ಹೊಂದುತ್ತದೆ, ಅಲ್ಲಲ್ಲಿ ಬಿಗಿ.

ರೋಗಿಗಳಿಗೆಂದೇ ರೂಪಿಸಿದ ಪಿಎಸ್‌ಕ್ಯೂ-18 ಇನ್ನಷ್ಟು ಹತ್ತಿರದ್ದು. 1994ರಲ್ಲಿ ಬಂದ ಈ ಹದಿನೆಂಟು ಹೇಳಿಕೆಗಳ ಪ್ರಶ್ನಾವಳಿ ಒಟ್ಟಾರೆ ತೃಪ್ತಿ, ವೈದ್ಯರ ಕೌಶಲ, ನಡವಳಿಕೆ, ಮಾತುಕತೆ, ಖರ್ಚು, ವೈದ್ಯರು ಕೊಟ್ಟ ಸಮಯ, ಸೇವೆ ಸುಲಭವಾಗಿ ಸಿಕ್ಕಿತೇ ಎಂಬ ಏಳು ವಿಷಯಗಳನ್ನು ಬೇರೆ ಬೇರೆಯಾಗಿ ಕೇಳುತ್ತದೆ. ಆದರೆ ಅದರ ಮೊದಲ ಹೇಳಿಕೆಯೇ ಪರೀಕ್ಷೆಗಳನ್ನು ಏಕೆ ಮಾಡಿಸಬೇಕೆಂದು ವೈದ್ಯರು ಚೆನ್ನಾಗಿ ವಿವರಿಸುತ್ತಾರೆಯೇ ಎಂಬುದರ ಬಗ್ಗೆ. ನಾಡಿ, ನಾಲಿಗೆ, ಕಣ್ಣು ನೋಡಿ ಔಷಧ ಕೊಡುವ ಕಡೆ ರೋಗಿ ಈ ಹೇಳಿಕೆಗೆ ಏನು ಉತ್ತರಿಸಬೇಕು? ಪಥ್ಯ ಎಷ್ಟು ಕಷ್ಟವಾಯಿತು, ಕಷಾಯ ಗಂಟಲಿನಲ್ಲಿ ಇಳಿಯಿತೇ, ಔಷಧ ಕುದಿಸಿಕೊಳ್ಳಲು ಮನೆಯಲ್ಲಿ ಯಾರಿಗೆ ಪುರುಸೊತ್ತಿತ್ತು ಎಂದು ಕೇಳುವ ಹೇಳಿಕೆ ಅಲ್ಲಿಲ್ಲ. ಸಾಂಪ್ರದಾಯಿಕ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವವರನ್ನು ವಿಚಾರಿಸಿದರೆ ಮೊದಲು ಬರುವ ಮಾತು ಬಹುಶಃ ಇವೇ.

ಚರಕ ಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣ. ರೋಗಿಗೆ ಇರಬೇಕಾದ ನಾಲ್ಕರಲ್ಲಿ ಒಂದು, ತನ್ನ ಕಾಯಿಲೆಯನ್ನು ತಿಳಿಸಿ ಹೇಳಬಲ್ಲ ಶಕ್ತಿ. ಈ ಲೆಕ್ಕದಲ್ಲಿ ರೋಗಿ ಚಿಕಿತ್ಸೆಯ ಒಂದು ಕಾಲು. ಸರ್ವ್‌ಕ್ವಾಲ್ ಮಾದರಿಯ ಹಾಳೆಯಲ್ಲಿ ಅವನು ಕೌಂಟರಿನ ಆಚೆ ನಿಂತ ಗಿರಾಕಿ. ಗಿರಾಕಿಯನ್ನು ‘ಹೇಗಿತ್ತು ಸೇವೆ’ ಎಂದು ಕೇಳಿದರೆ ಸಾಕು. ಚಿಕಿತ್ಸೆಯಲ್ಲಿ ಪಾಲುದಾರನಾದವನಿಗೆ ‘ನೀವು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರೇ’ ಎಂದೂ ಕೇಳಬೇಕಾಗುತ್ತದೆ.

ನಲವತ್ತೈದು ನಿಮಿಷದ ಔಷಧ

ಕೇಳಿಸಿಕೊಳ್ಳುವ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ವಿಷಯದ ತಿರುಳು ಇರುವುದೇ ಇಲ್ಲಿ.

1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಇಬ್ಬರು ಸಂಶೋಧಕರು, ರೋಗಿಗಳು ವೈದ್ಯರನ್ನು ಕಂಡ 74 ಭೇಟಿಗಳ ಧ್ವನಿಮುದ್ರಣ ಕೇಳಿ ಒಂದು ಲೆಕ್ಕ ಕೊಟ್ಟರು. ರೋಗಿ ಬಾಯಿ ತೆರೆದ ಮೇಲೆ ವೈದ್ಯರು ನಡುವೆ ಬಾಯಿ ಹಾಕಲು ತೆಗೆದುಕೊಂಡ ಸಮಯ ಸರಾಸರಿ 18 ಸೆಕೆಂಡು. 2017ರಲ್ಲಿ 67 ದೇಶಗಳ ಮಾಹಿತಿ ಒಟ್ಟುಗೂಡಿಸಿದ ಮತ್ತೊಂದು ಅಧ್ಯಯನದಲ್ಲಿ ಪ್ರಾಥಮಿಕ ಹಂತದ ವೈದ್ಯರ ಒಂದು ಭೇಟಿಯ ಅವಧಿ ಬಾಂಗ್ಲಾದೇಶದ 48 ಸೆಕೆಂಡುಗಳಿಂದ ಸ್ವೀಡನ್ನಿನ ಇಪ್ಪತ್ತೆರಡೂವರೆ ನಿಮಿಷದವರೆಗೆ ಹರಡಿತ್ತು. ಜಗತ್ತಿನ ಜನಸಂಖ್ಯೆಯಲ್ಲಿ ಸುಮಾರು ಅರ್ಧ ಇರುವ 18 ದೇಶಗಳಲ್ಲಿ ಅದು ಐದು ನಿಮಿಷ ಅಥವಾ ಅದಕ್ಕೂ ಕಡಿಮೆ. ಹೀಗೆ ಓಡುವ ಗಡಿಯಾರದ ಎದುರಿನಿಂದ ಎದ್ದು ಬಂದ ರೋಗಿಗೆ, ನಿದ್ದೆ ಹೇಗೆ, ಹಸಿವು ಹೇಗೆ, ಮನೆಯಲ್ಲಿ ಚಿಂತೆ ಏನಾದರೂ ಇದೆಯೇ ಎಂದು ವಿಚಾರಿಸುವ ವೈದ್ಯರು ಸಿಕ್ಕರೆ ಹಾಳೆಯ ಮೇಲಿನ ಗುರುತು ಎಲ್ಲಿ ಬೀಳುತ್ತದೆಂದು ಹೇಳಬೇಕಾಗಿಲ್ಲ.

ಇದು ಬರೀ ಸಮಾಧಾನವೋ, ಶರೀರಕ್ಕೂ ತಟ್ಟುವಂಥದ್ದೋ? ಟೆಡ್ ಕ್ಯಾಪ್ಚುಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಹುಡುಕಿತು. ಹೊಟ್ಟೆನೋವು, ಉಬ್ಬರ, ಭೇದಿ ಅಥವಾ ಮಲಬದ್ಧತೆಯಿಂದ ವರ್ಷಗಟ್ಟಲೆ ಕಾಡುವ ಐಬಿಎಸ್ ತೊಂದರೆಯಿದ್ದ 262 ಜನರನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿನವರು ಚಿಕಿತ್ಸೆಗೆ ಸುಮ್ಮನೆ ಕಾದರು. ಎರಡನೆಯ ಗುಂಪಿಗೆ ಹುಸಿ ಅಕ್ಯುಪಂಕ್ಚರ್. ಅಂದರೆ ಸೂಜಿ ತಾಗಿದಂತೆ ಅನ್ನಿಸುತ್ತದೆ, ಚರ್ಮದೊಳಗೆ ಇಳಿಯುವುದಿಲ್ಲ. ಮೊದಲ ಭೇಟಿಯ ಮಾತುಕತೆ ಐದು ನಿಮಿಷದೊಳಗೆ ಮುಗಿಯುತ್ತಿತ್ತು. ಮೂರನೆಯ ಗುಂಪಿಗೂ ಅದೇ ಹುಸಿ ಸೂಜಿ, ಆದರೆ ಮೊದಲ ಭೇಟಿ ನಲವತ್ತೈದು ನಿಮಿಷದ್ದು. ಚಿಕಿತ್ಸಕರು ರೋಗಿಯ ಕಥೆ ಕೇಳುತ್ತಾರೆ, ಅವರ ಮಾತನ್ನೇ ತಿರುಗಿ ಹೇಳಿ ಅರ್ಥವಾಯಿತೆಂದು ತೋರಿಸುತ್ತಾರೆ, ಭರವಸೆ ಕೊಡುತ್ತಾರೆ, ನಾಡಿ ಹಿಡಿದು ಇಪ್ಪತ್ತು ಸೆಕೆಂಡು ಮೌನವಾಗಿ ಯೋಚಿಸುತ್ತಾರೆ. ಹೌದು, ಆ ಇಪ್ಪತ್ತು ಸೆಕೆಂಡಿನ ಮೌನವನ್ನೂ ಪ್ರಯೋಗದ ನಿಯಮಾವಳಿಯಲ್ಲಿ ಬರೆದಿಟ್ಟಿದ್ದರು.

ಮೂರು ವಾರಗಳ ನಂತರ ಸಾಕಷ್ಟು ಉಪಶಮನವಾಗಿದೆ ಎಂದವರು ಮೊದಲ ಗುಂಪಿನಲ್ಲಿ ಶೇ. 28, ಎರಡನೆಯದರಲ್ಲಿ ಶೇ. 44, ಮೂರನೆಯದರಲ್ಲಿ ಶೇ. 62. ಎರಡನೆಯ ಮತ್ತು ಮೂರನೆಯ ಗುಂಪಿನ ನಡುವೆ ಔಷಧದ ವ್ಯತ್ಯಾಸ ಎಳ್ಳಷ್ಟೂ ಇಲ್ಲ. ಇದ್ದದ್ದು ಕೈಗುಣದ ವ್ಯತ್ಯಾಸ, ಅದೂ ಮೊದಲೇ ಬರೆದಿಟ್ಟು ಕಲಿಸಿದ ಕೈಗುಣ. ‘ಎಲ್ಲ ಮನಸ್ಸಿನ ಭ್ರಮೆ’ ಎಂದು ಪುಟ ತಿರುವಿದವರು ಇಲ್ಲಿಗೆ ಮರಳಬೇಕು. ಐಬಿಎಸ್‌ನಲ್ಲಿ ರೋಗಿಗೆ ಆಗುವ ಕಷ್ಟವೇ ಕಾಯಿಲೆಯ ಬಹುಪಾಲು. ಕಷ್ಟ ಇಳಿದರೆ ಅದನ್ನು ಲಾಭ ಎನ್ನದೆ ಇನ್ನೇನೆನ್ನುವುದು?

ಆದರೆ ಮೂರು ವರ್ಷಗಳ ನಂತರ, ಕ್ಯಾಪ್ಚುಕ್ ಅವರೂ ಇದ್ದ ತಂಡವೊಂದು ಅಸ್ತಮಾ ರೋಗಿಗಳ ಮೇಲೆ ಮಾಡಿದ ಪ್ರಯೋಗ ‘ಔಷಧ ಕೆಲಸ ಮಾಡುತ್ತದೆ’ ಎಂದ ಮೊದಲ ಓದುಗರನ್ನೂ ತಡೆದು ನಿಲ್ಲಿಸುತ್ತದೆ. ಪ್ರತಿ ರೋಗಿಗೂ ಬೇರೆ ಬೇರೆ ದಿನ ನಾಲ್ಕನ್ನೂ ಕೊಟ್ಟು ನೋಡಿದರು: ನಿಜವಾದ ಔಷಧದ ಇನ್‌ಹೇಲರ್, ಔಷಧವಿಲ್ಲದ ಇನ್‌ಹೇಲರ್, ಹುಸಿ ಅಕ್ಯುಪಂಕ್ಚರ್, ಏನೂ ಇಲ್ಲ. ಎಷ್ಟು ಸುಧಾರಣೆ ಅನ್ನಿಸಿತು ಎಂದು ಕೇಳಿದರೆ ರೋಗಿಗಳು ನಿಜವಾದ ಔಷಧಕ್ಕೆ ಶೇ. 50, ಹುಸಿ ಇನ್‌ಹೇಲರಿಗೆ ಶೇ. 45, ಹುಸಿ ಸೂಜಿಗೆ ಶೇ. 46 ಎಂದರು. ಏನೂ ಕೊಡದ ದಿನ ಶೇ. 21. ಅಂದರೆ ರೋಗಿಯ ಮಾತಿನಲ್ಲಿ ಮೊದಲ ಮೂರೂ ಹೆಚ್ಚುಕಡಿಮೆ ಒಂದೇ. ಅದೇ ಹೊತ್ತಿಗೆ ಉಪಕರಣಕ್ಕೆ ಊದಿಸಿ ಅಳೆದಾಗ ಶ್ವಾಸಕೋಶದ ಸಾಮರ್ಥ್ಯ ನಿಜವಾದ ಔಷಧದಿಂದ ಶೇ. 20ರಷ್ಟು ಏರಿತ್ತು. ಉಳಿದ ಮೂರರಲ್ಲೂ ಅದು ಶೇ. 7ರ ಆಸುಪಾಸಿನಲ್ಲೇ ಇತ್ತು, ಏನೂ ಕೊಡದ ದಿನವೂ ಅಷ್ಟೇ.

39 ಜನರ ಈ ಸಣ್ಣ ಪ್ರಯೋಗ ನನಗೆ ದೊಡ್ಡ ದೊಡ್ಡ ಸಮೀಕ್ಷೆಗಳಿಗಿಂತ ಹೆಚ್ಚು ಹೇಳುತ್ತದೆ. ಉಸಿರಾಟ ಹಗುರವಾಯಿತು ಎಂದ ರೋಗಿ ಸುಳ್ಳು ಹೇಳಲಿಲ್ಲ, ಉಪಕರಣವೂ ಸುಳ್ಳು ಹೇಳಲಿಲ್ಲ. ಅಸ್ತಮಾ ಬಿಗಡಾಯಿಸಿದ ರಾತ್ರಿ ಮಾತ್ರ ಉಪಕರಣದ ಮಾತನ್ನೇ ನಂಬಬೇಕಾಗುತ್ತದೆ. ಹಾಗಾಗಿ ತೃಪ್ತಿಯ ಅಂಕಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬ ಪ್ರಶ್ನೆಗೆ ಎಲ್ಲ ಕಾಯಿಲೆಗೂ ಸಲ್ಲುವ ಒಂದು ಉತ್ತರ ಸಿಗುವುದಿಲ್ಲ. ಬೆನ್ನುನೋವು, ನಿದ್ರಾಹೀನತೆ, ಆತಂಕದಂಥ ಕಡೆ ರೋಗಿಯ ಮಾತೇ ಮುಖ್ಯ ಅಳತೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಸ್ತಮಾ, ಗೆಡ್ಡೆಗಳ ಕಡೆ ಅದು ಅರ್ಧ ಅಳತೆ, ಕೆಲವೊಮ್ಮೆ ಅಪಾಯಕ್ಕೆ ಕಣ್ಣು ಮುಚ್ಚಿಸುವ ಅಳತೆ.

ಉಂಡ ಮನೆಯ ಜಂತೆ

ಎಲ್ಲರೂ ಐದನ್ನೇ ಏಕೆ ಕೊಡುತ್ತಾರೆ? ತೃಪ್ತಿಯ ಸಮೀಕ್ಷೆಗಳಲ್ಲಿ, ಯಾವ ಪದ್ಧತಿಯ ಆಸ್ಪತ್ರೆಯೇ ಆಗಲಿ, ಅಂಕಗಳು ಮೇಲ್ತುದಿಯಲ್ಲೇ ಗುಂಪುಗಟ್ಟುವುದು ಹಳೆಯ ಸಮಸ್ಯೆ. ಎಲ್ಲರೂ ಸೂರಿಗೆ ತಲೆ ತಾಗಿಸಿಕೊಂಡು ನಿಂತಿದ್ದರೆ ಯಾರು ಎತ್ತರ ಎಂದು ಹೇಳುವುದು ಹೇಗೆ?

ಒಂದು ಕಾರಣ ಗಾದೆಯಲ್ಲೇ ಇದೆ: ಉಂಡ ಮನೆಯ ಜಂತೆ ಎಣಿಸಬಾರದು. ಎರಡು ವಾರ ಕೈಯಾರೆ ಎಣ್ಣೆ ಹಚ್ಚಿದವಳ ಎದುರಿಗೆ ಮೂರಕ್ಕೆ ಗುರುತು ಹಾಕಲು ಕೈ ಬರುವುದಿಲ್ಲ. ನಾಳೆ ಮತ್ತೆ ಇಲ್ಲಿಗೇ ಬರಬೇಕಲ್ಲ ಎಂಬ ಅಳುಕೂ ಇರುತ್ತದೆ. ಬ್ರಿಟನ್ನಿನಲ್ಲಿ ವಿಲಿಯಮ್ಸ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಅಂಕ ಕೊಟ್ಟ ರೋಗಿಗಳನ್ನೇ ಕೂರಿಸಿಕೊಂಡು ಬಿಡಿಬಿಡಿಯಾಗಿ ಮಾತನಾಡಿಸಿದಾಗ ಕಹಿ ಅನುಭವಗಳು ಹೊರಬಂದವು. ಮತ್ತೆ ಅಂಕ ಏಕೆ ಕೊಟ್ಟರು? ‘ಅದು ಅವರ ಕೆಲಸವಲ್ಲ’ ಅಥವಾ ‘ಪಾಪ, ಅವರ ಕೈಯಲ್ಲಿ ಏನಿದೆ’ ಎಂಬ ಧಾಟಿಯ ಲೆಕ್ಕಾಚಾರ ಅವರೊಳಗೆ ನಡೆದಿತ್ತು. ತಪ್ಪನ್ನು ಮನ್ನಿಸಿದ ಮೇಲೆ ಬಂದ ಅಂಕವನ್ನು ತಪ್ಪೇ ನಡೆದಿಲ್ಲ ಎಂದು ಓದುವುದು ನಮ್ಮ ತಪ್ಪು. ವಯಸ್ಸಾದವರು ಕಿರಿಯರಿಗಿಂತ ಹೆಚ್ಚು ಅಂಕ ಕೊಡುತ್ತಾರೆ ಎಂಬುದೂ ಮೇಲಿಂದ ಮೇಲೆ ಕಂಡುಬಂದ ಸಂಗತಿ. ದೀರ್ಘಕಾಲದ ನೋವುಗಳಿಗೆ ಸಾಂಪ್ರದಾಯಿಕ ಚಿಕಿತ್ಸೆ ಅರಸಿ ಬರುವವರಲ್ಲಿ ಹಿರಿಯರೇ ಹೆಚ್ಚಿದ್ದ ಕಡೆ ಅಂಕ ತಾನಾಗಿಯೇ ಏರುತ್ತದೆ.

ಕೈಯಿಂದ ದುಡ್ಡು ಕೊಟ್ಟು, ರಜೆ ಹಾಕಿ, ಪಥ್ಯ ಹಿಡಿದು ಪಡೆದ ಚಿಕಿತ್ಸೆ ವ್ಯರ್ಥವಾಯಿತು ಎಂದು ಒಪ್ಪಿಕೊಳ್ಳುವುದೂ ಮನಸ್ಸಿಗೆ ಕಷ್ಟ. ಪಟ್ಟ ಪಾಡಿಗೂ ಸಿಕ್ಕ ಫಲಕ್ಕೂ ತಾಳೆಯಾಗದಿದ್ದಾಗ ಮನಸ್ಸು ಫಲವನ್ನು ಸ್ವಲ್ಪ ಹಿಗ್ಗಿಸಿ ಸಮಾಧಾನ ಮಾಡಿಕೊಳ್ಳುತ್ತದೆ ಎಂಬುದು ಲಿಯೋನ್ ಫೆಸ್ಟಿಂಗರ್ 1957ರಲ್ಲಿ ಮಂಡಿಸಿದ ಸಿದ್ಧಾಂತದಿಂದ ಬರುವ ತಿಳಿವಳಿಕೆ. ಇದರ ಮೇಲೆ ಕಾಯಿಲೆಯ ಏರಿಳಿತ ಬೇರೆ. ಮೊಣಕಾಲು ನೋವು, ತಲೆನೋವು, ಚರ್ಮದ ತುರಿಕೆಗಳು ಒಮ್ಮೆ ಕೆರಳಿ ಒಮ್ಮೆ ತಣಿಯುತ್ತವೆ. ಜನ ವೈದ್ಯರಲ್ಲಿಗೆ ಹೋಗುವುದು ಕೆರಳಿದಾಗ. ಏನೂ ಮಾಡದಿದ್ದರೂ ಬಹುತೇಕ ಇಳಿಯುತ್ತಿದ್ದ ನೋವು ಚಿಕಿತ್ಸೆಯ ಹೊತ್ತಿನಲ್ಲೇ ಇಳಿದಾಗ ಕೀರ್ತಿ ಚಿಕಿತ್ಸೆಗೆ ಸಲ್ಲುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು, ಹಾಳೆ ಯಾರ ಕೈಗೆ ಹೋಗಲಿಲ್ಲ ಎಂಬುದು. ಮೂರನೇ ದಿನ ಬೇಸತ್ತು ಎದ್ದುಹೋದವರು ಹದಿನಾಲ್ಕನೇ ದಿನದ ಸಮೀಕ್ಷೆಯಲ್ಲಿ ಇರುವುದಿಲ್ಲ. ಕಾಯಿಲೆ ಉಲ್ಬಣಿಸಿ ಬೇರೆ ಆಸ್ಪತ್ರೆ ಸೇರಿದವರೂ ಇರುವುದಿಲ್ಲ. ಉಳಿದವರನ್ನು ಮಾತ್ರ ಎಣಿಸಿದರೆ ತೃಪ್ತಿ ಹೆಚ್ಚೇ ಕಾಣುತ್ತದೆ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುತ್ತೇವಲ್ಲ, ತೃಪ್ತಿಗೆ ಅದಕ್ಕಿಂತ ಚಿಕ್ಕ ಸೂತ್ರ ಸಿಗದು. ವೈದ್ಯರು ಬೇರೇನಾದರೂ ಹೇಳಬೇಕಾಗಿ ಬಂದಾಗ? ಅಮೆರಿಕದ ಸುಮಾರು 52,000 ವಯಸ್ಕರ ಮಾಹಿತಿ ಆಧರಿಸಿ ಜೋಶುವಾ ಫೆಂಟನ್ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ವೈದ್ಯರ ಬಗ್ಗೆ ಅತಿ ಹೆಚ್ಚು ತೃಪ್ತರಾಗಿದ್ದ ಗುಂಪಿನವರು ಅತಿ ಕಡಿಮೆ ತೃಪ್ತರಾಗಿದ್ದವರಿಗಿಂತ ಆಸ್ಪತ್ರೆಗೆ ಹೆಚ್ಚು ದಾಖಲಾಗಿದ್ದರು, ಔಷಧಕ್ಕೆ ಹೆಚ್ಚು ಖರ್ಚು ಮಾಡಿದ್ದರು, ಅವರ ಸಾವಿನ ಅಪಾಯವೂ ಶೇ. 26ರಷ್ಟು ಹೆಚ್ಚಿತ್ತು. ತೃಪ್ತಿಯೇ ಕೊಂದಿತು ಎಂದು ಇದರಿಂದ ಹೇಳಲಾಗದು. ಎರಡು ಸಂಗತಿ ಜೊತೆಗಿದ್ದವು ಎಂದಷ್ಟೇ ಹೇಳಬಹುದು. ಇದು ಆಧುನಿಕ ವೈದ್ಯಪದ್ಧತಿಯ ಕಥೆ ಎಂಬುದನ್ನೂ ನೆನಪಿಡಬೇಕು. ತೃಪ್ತಿಯ ಅಂಕ ಮೋಸ ಮಾಡುವುದು ಸಾಂಪ್ರದಾಯಿಕ ವೈದ್ಯರ ಕೋಣೆಯಲ್ಲಿ ಮಾತ್ರ ಎಂದು ಭಾವಿಸುವವರಿಗೆ ಈ ಅಧ್ಯಯನ ಒಳ್ಳೆಯ ಪಥ್ಯ.

ಹಾಳೆಗೆ ಕಾಣದ್ದು

ಔಷಧದಲ್ಲಿ ಸೀಸ ಇದ್ದರೆ ನಾಲಿಗೆಗೆ ಗೊತ್ತಾಗುವುದಿಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಕ್ಷಿಣ ಏಷ್ಯಾದಲ್ಲಿ ತಯಾರಾಗಿ ಅಮೆರಿಕದ ಬಾಸ್ಟನ್ ಸುತ್ತಮುತ್ತ ಮಾರಾಟವಾಗುತ್ತಿದ್ದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಅವನ್ನು ಕೊಂಡವರು ಅಂಗಡಿಯವನಿಗೆ ಸಂತೋಷದಿಂದಲೇ ಐದು ಅಂಕ ಕೊಟ್ಟಿರಬಹುದು. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯನ್ನು ಯುರೋಪು, ಅಮೆರಿಕಗಳಲ್ಲಿ ಖಿನ್ನತೆಗೆ ಬಳಸುತ್ತಾರೆ. ಅದು ಕೆಲವು ಔಷಧಗಳನ್ನು ಶರೀರ ಬೇಗ ಹೊರಹಾಕುವಂತೆ ಮಾಡುತ್ತದೆ. ಹೃದಯ ಕಸಿ ಮಾಡಿಸಿಕೊಂಡಿದ್ದ ಇಬ್ಬರಲ್ಲಿ ಇದರಿಂದ, ಕಸಿಯನ್ನು ಶರೀರ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೊರಿನ್ ಎಂಬ ಔಷಧದ ಪ್ರಮಾಣ ರಕ್ತದಲ್ಲಿ ಕುಸಿದು, ಶರೀರ ಕಸಿಯನ್ನು ತಿರಸ್ಕರಿಸಲು ಶುರುಮಾಡಿದ ಪ್ರಕರಣ 2000ದಲ್ಲಿ ವರದಿಯಾಯಿತು. ಕಸಿ ತಿರಸ್ಕೃತವಾಗುತ್ತಿದೆ ಎಂದು ರೋಗಿಗೆ ತಿಳಿಯುವುದು ತಡವಾಗಿ. ಮೂಲಿಕೆಯಿಂದ ಮನಸ್ಸು ಹಗುರಾಗಿದೆ ಎನ್ನುವುದು ಅದಕ್ಕಿಂತ ಮೊದಲೇ ತಿಳಿಯಬಹುದು.

ಇನ್ನೂ ಗಂಭೀರವಾದದ್ದು ಕ್ಯಾನ್ಸರ್. ದೂರದ ಅಂಗಗಳಿಗೆ ಹರಡದ ಸ್ತನ, ಶ್ವಾಸಕೋಶ, ಕರುಳು, ಪ್ರಾಸ್ಟೇಟ್ ಕ್ಯಾನ್ಸರಿಗೆ ಪರ್ಯಾಯ ಚಿಕಿತ್ಸೆಯನ್ನು ಮಾತ್ರ ನೆಚ್ಚಿದ ಅಮೆರಿಕದ 281 ಜನರನ್ನು ಆಧುನಿಕ ಚಿಕಿತ್ಸೆ ಪಡೆದವರೊಂದಿಗೆ ಹೋಲಿಸಿದ ಅಧ್ಯಯನ 2018ರಲ್ಲಿ ಬಂತು. ಸಾವಿನ ಅಪಾಯ ಎರಡೂವರೆ ಪಟ್ಟು. ಅದೇ ಸಂಶೋಧಕರ ಮತ್ತೊಂದು ಅಧ್ಯಯನ ಪೂರಕ ಚಿಕಿತ್ಸೆ ಪಡೆದವರಲ್ಲೂ ಹೆಚ್ಚಿನ ಅಪಾಯ ಕಂಡಿತು. ಅದಕ್ಕೆ ಮುಖ್ಯ ಕಾರಣವಾಗಿ ಕಂಡದ್ದು, ಅವರಲ್ಲಿ ಹಲವರು ಶಸ್ತ್ರಚಿಕಿತ್ಸೆ, ಕೀಮೋಥೆರಪಿಯಂಥವುಗಳಲ್ಲಿ ಯಾವುದಾದರೊಂದನ್ನು ನಿರಾಕರಿಸಿದ್ದು.

ಇಬ್ಬರು ವೈದ್ಯರ ನಡುವೆ

ಆಧುನಿಕ ವೈದ್ಯರ ಮೇಲೆ ಬೇಸತ್ತವರೇ ಇತ್ತ ಬರುತ್ತಾರೆ ಎಂಬ ನಂಬಿಕೆ ಸಾಮಾನ್ಯ. ಜಾನ್ ಆಸ್ಟಿನ್ 1998ರಲ್ಲಿ ಅಮೆರಿಕದ ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು ಪರಿಶೀಲಿಸಿದಾಗ ಹಾಗೆ ಕಾಣಲಿಲ್ಲ. ಬೇಸರಕ್ಕಿಂತ, ಆರೋಗ್ಯ ಮತ್ತು ಬದುಕಿನ ಬಗ್ಗೆ ತಮಗಿದ್ದ ನಂಬಿಕೆಗಳಿಗೆ ಈ ಪದ್ಧತಿಗಳು ಒಗ್ಗುತ್ತವೆ ಎಂಬುದೇ ಹೆಚ್ಚಿನವರನ್ನು ಎಳೆದಿತ್ತು. ಉತ್ತರಿಸಿದವರಲ್ಲಿ ಪರ್ಯಾಯ ಚಿಕಿತ್ಸೆಯನ್ನೇ ಮುಖ್ಯವಾಗಿ ನೆಚ್ಚಿದವರು ಶೇ. 4.4 ಮಾತ್ರ. ಇಂಥ ಚಿಕಿತ್ಸೆ ಬಳಸಿದ ಉಳಿದವರು ಎರಡು ದೋಣಿಯಲ್ಲೂ ಕಾಲಿಟ್ಟವರು. ಆದರೆ ಒಂದು ದೋಣಿಯವರಿಗೆ ಇನ್ನೊಂದರ ಸುದ್ದಿ ಗೊತ್ತಿರುವುದಿಲ್ಲ. ಡೇವಿಡ್ ಐಸೆನ್‌ಬರ್ಗ್ ತಂಡ 1993ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಮೀಕ್ಷೆಯಲ್ಲಿ, ಇಂಥ ಚಿಕಿತ್ಸೆ ಪಡೆದವರ ಪೈಕಿ ಶೇ. 72 ಜನ ತಮ್ಮ ವೈದ್ಯರಿಗೆ ಅದನ್ನು ತಿಳಿಸಿರಲಿಲ್ಲ. ಬೈದಾರು ಎಂಬ ಭಯ, ಹೇಳುವ ಅಗತ್ಯವೇನು ಎಂಬ ಭಾವನೆ, ಅವರು ಕೇಳಲೂ ಇಲ್ಲವಲ್ಲ ಎಂಬ ನೆಪ.

ಸಮನ್ವಯ ಚಿಕಿತ್ಸೆಯ ನಿಜವಾದ ಪರೀಕ್ಷೆ ಇಲ್ಲಿದೆ. ಒಳ್ಳೆಯ ಸಮನ್ವಯ ಕೇಂದ್ರದಲ್ಲಿ ರೋಗಿ ಅದೇ ಕಥೆಯನ್ನು ಎರಡು ಸಲ ಹೇಳಬೇಕಾಗುವುದಿಲ್ಲ. ಕಷಾಯದ ವಿಷಯ ಮಾತ್ರೆ ಬರೆಯುವವರಿಗೆ ಗೊತ್ತಿರುತ್ತದೆ. ಒಬ್ಬರು ‘ತಿನ್ನಿ’ ಎಂದದ್ದನ್ನು ಇನ್ನೊಬ್ಬರು ‘ಮುಟ್ಟಬೇಡಿ’ ಎಂದಾಗ ಇತ್ಯರ್ಥ ಮಾಡುವವರೊಬ್ಬರು ಇರುತ್ತಾರೆ. ತೃಪ್ತಿಯ ಸಾಮಾನ್ಯ ಪ್ರಶ್ನಾವಳಿಗಳು ವೈದ್ಯರೊಬ್ಬರ ಬಗ್ಗೆ ಕೇಳುತ್ತವೆ, ಇಬ್ಬರು ವೈದ್ಯರ ನಡುವಿನ ಸಂದಿಯ ಬಗ್ಗೆ ಕೇಳುವುದಿಲ್ಲ. ರೋಗಿ ಬೀಳುವುದು ಆ ಸಂದಿಯಲ್ಲಿ.

ಬೇರೆ ರೀತಿಯಲ್ಲಿ ಕೇಳುವುದು

ಈ ತೊಡಕುಗಳಿಗೆ ಅಳತೆಗಾರರು ಕಂಡುಕೊಂಡ ಒಂದು ದಾರಿ, ‘ತೃಪ್ತಿಯಾಯಿತೇ’ ಎಂದು ಕೇಳುವ ಬದಲು ‘ಏನಾಯಿತು’ ಎಂದು ಕೇಳುವುದು. ಅಮೆರಿಕದ ಆಸ್ಪತ್ರೆಗಳಲ್ಲಿ 2006ರಿಂದ ಬಳಕೆಯಲ್ಲಿರುವ ಎಚ್‌ಕ್ಯಾಪ್ಸ್ ಸಮೀಕ್ಷೆಯಲ್ಲಿ ವೈದ್ಯರು ಅರ್ಥವಾಗುವ ಹಾಗೆ ವಿವರಿಸಿದರೇ ಎಂಬಂಥ ಪ್ರಶ್ನೆಗೆ ‘ಎಂದೂ ಇಲ್ಲ, ಕೆಲವೊಮ್ಮೆ, ಸಾಮಾನ್ಯವಾಗಿ, ಯಾವಾಗಲೂ’ ಎಂಬ ಆಯ್ಕೆಗಳಿವೆ. ಇದಕ್ಕೆ ಉತ್ತರಿಸಲು ರೋಗಿ ಋಣ ತೀರಿಸಬೇಕಾಗಿಲ್ಲ, ನೆನಪು ಮಾಡಿಕೊಂಡರೆ ಸಾಕು.

ಕೈಗುಣವನ್ನೇ ನೇರವಾಗಿ ಅಳೆಯುವ ಸಾಧನವೂ ಇದೆ. ಸ್ಟುವರ್ಟ್ ಮರ್ಸರ್ ಮತ್ತು ಸಂಗಡಿಗರ ‘ಕೇರ್’ ಮಾಪನ 2004ರಲ್ಲಿ ಬಂತು. ಹತ್ತು ಪ್ರಶ್ನೆ, ಐವತ್ತು ಅಂಕ: ನಿಮ್ಮ ಕಥೆ ನಿಮ್ಮ ಮಾತಿನಲ್ಲಿ ಹೇಳಲು ಬಿಟ್ಟರೇ, ಬರೀ ಕಾಯಿಲೆಯೆಂದು ನೋಡದೆ ಇಡೀ ಮನುಷ್ಯನೆಂದು ನೋಡಿದರೇ, ಮುಂದೇನು ಮಾಡಬೇಕೆಂದು ನಿಮ್ಮ ಜೊತೆ ಕೂತು ನಿರ್ಧರಿಸಿದರೇ. ಮರ್ಸರ್ ಅವರ ಹಿಂದಿನ ಕೆಲಸ ನಡೆದದ್ದು ಗ್ಲಾಸ್ಗೋದ ಹೋಮಿಯೋಪಥಿ ಆಸ್ಪತ್ರೆಯ ರೋಗಿಗಳ ನಡುವೆ ಎಂಬುದು ಕುತೂಹಲದ ಸಂಗತಿ. ಕೈಗುಣ ಎದ್ದು ಕಾಣುವ ಕಡೆಯಿಂದಲೇ ಅದರ ಅಳತೆಗೋಲಿನ ಬೇರೂ ಬಂತು. ಈಗ ಅದನ್ನು ಆಧುನಿಕ ವೈದ್ಯರ ಮೇಲೂ ಬಳಸುತ್ತಾರೆ.

ಗುಣದ ಕಡೆಗೆ ಬಂದರೆ ನನಗೆ ಹೆಚ್ಚು ಇಷ್ಟವಾಗುವುದು ಇಂಗ್ಲೆಂಡಿನ ವೈದ್ಯೆ ಷಾರ್ಲಟ್ ಪ್ಯಾಟರ್ಸನ್ 1996ರಲ್ಲಿ ಪ್ರಕಟಿಸಿದ ‘ಮೈಮಾಪ್’. ಅದರಲ್ಲಿ ಮೊದಲೇ ಮುದ್ರಿಸಿದ ಕಾಯಿಲೆಗಳ ಪಟ್ಟಿ ಇಲ್ಲ. ತನಗೆ ಅತಿ ಹೆಚ್ಚು ಕಾಡುವ ಒಂದೆರಡು ತೊಂದರೆಗಳನ್ನು ರೋಗಿಯೇ ಬರೆಯಬೇಕು. ಆ ತೊಂದರೆಯಿಂದ ಮಾಡಲಾಗದ, ಆದರೆ ತನಗೆ ಮುಖ್ಯವಾದ ಒಂದು ಕೆಲಸವನ್ನೂ ಬರೆಯಬೇಕು. ಕಳೆದ ಒಂದು ವಾರದಲ್ಲಿ ಪ್ರತಿಯೊಂದೂ ಎಷ್ಟು ಕಾಡಿತು ಎಂದು ಸೊನ್ನೆಯಿಂದ ಆರರವರೆಗೆ ಗುರುತಿಸಬೇಕು. ಸೊನ್ನೆ ಎಂದರೆ ಏನೂ ತೊಂದರೆಯಿಲ್ಲ, ಆರು ಎಂದರೆ ಇದಕ್ಕಿಂತ ಕೆಟ್ಟದ್ದಿಲ್ಲ. ಕೆಲವು ವಾರ ಕಳೆದು ಅದೇ ಮಾತುಗಳನ್ನು ಮುಂದಿಟ್ಟು ಮತ್ತೆ ಕೇಳುತ್ತಾರೆ. ಚರಕ ಸಂಹಿತೆ ರೋಗಿಯಿಂದ ಬಯಸಿದ ‘ತಿಳಿಸಿ ಹೇಳುವ ಶಕ್ತಿ’ಗೆ ಇಲ್ಲಿ ಒಂದು ಜಾಗ ಸಿಕ್ಕಂತಾಯಿತು. ಕಾಯಿಲೆಯ ಏರಿಳಿತ, ಬಿಟ್ಟುಹೋದವರ ಲೆಕ್ಕದಂಥ ಸಮಸ್ಯೆಗಳು ಇದರಿಂದ ಬಗೆಹರಿಯುವುದಿಲ್ಲ. ಅದಕ್ಕೆ ಹೋಲಿಕೆಯ ಗುಂಪು ಬೇಕೇ ಬೇಕು.

ಆರಂಭದ ಮಹಿಳೆಗೆ ಈ ಹಾಳೆ ಕೊಟ್ಟಿದ್ದರೆ, ಬಂದ ದಿನ ಅವರು ತೊಂದರೆಯ ಜಾಗದಲ್ಲಿ ‘ಬಲ ಮೊಣಕಾಲು, ರಾತ್ರಿ ಮಗ್ಗುಲು ತಿರುಗಿದಾಗ’ ಎಂದು ಬರೆದು ಐದಕ್ಕೆ ಗುರುತು ಹಾಕುತ್ತಿದ್ದರೇನೋ. ಕೆಲಸದ ಜಾಗದಲ್ಲಿ ‘ಮೆಟ್ಟಿಲು ಇಳಿಯುವುದು’, ಅದಕ್ಕೂ ಐದು. ಮನೆ ಸೇರಿ ಒಂದು ತಿಂಗಳಾದ ಮೇಲೆ, ಎಣ್ಣೆ ಹಚ್ಚಿದ ಹುಡುಗಿ ಎದುರಿಗಿಲ್ಲದಾಗ, ಯಾರೋ ಫೋನ್ ಮಾಡಿ ಅದೇ ಎರಡು ಸಾಲು ಓದಿ ಕೇಳುತ್ತಾರೆ. ರಾತ್ರಿಯ ನೋವು ಎರಡಕ್ಕೆ ಇಳಿದಿದೆ ಎನ್ನುತ್ತಾರೆ. ಮೆಟ್ಟಿಲು? ಸ್ವಲ್ಪ ಯೋಚಿಸಿ, ‘ನಾಲ್ಕು ಅಂತ ಬರೆದುಕೊಳ್ಳಿ’ ಎನ್ನುತ್ತಾರೆ. ಫೋನ್ ಇಡುವ ಮುನ್ನ, ಆ ಹುಡುಗಿ ಈಗಲೂ ಅಲ್ಲೇ ಕೆಲಸದಲ್ಲಿದ್ದಾಳೆಯೇ ಎಂದು ವಿಚಾರಿಸುತ್ತಾರೆ.